ಹನ್ನೆರಡು ಬಿಳಿ ಬೊಂಬೆ ಮೀನು

ನಮ್ಮ ಹಿತ್ತಲಿನ ಸೀಬೆ ಮರದಲ್ಲಿ ಈಗ ಹನ್ನೆರಡು ಮೀನುಗಳು ನೇತಾಡುತ್ತಿವೆ. ಅಮ್ಮ ಇಕ್ಕಳ ಹಿಡಿದು ಒಂದೊಂದರ ಹೊಟ್ಟೆಯ ಕೆಳಗಿದ್ದ ಕೊಕ್ಕೆಗಳನ್ನು ಕಿತ್ತು, ಬಾಲಕ್ಕೆ ಗೋಣಿ ದಾರ ಕಟ್ಟಿ, ಕಾಯಿ ಹೆಚ್ಚಿರುವ ಕೊಂಬೆಗಳಿಗೆ ತೂಗುಹಾಕಿದ್ದಾಳೆ. ಗಾಳಿ ಬಂದರೆ ಅವುಗಳ ಹೊಟ್ಟೆಯೊಳಗಿನ ಗುಂಡುಗಳು ಗಲಗಲ ಎನ್ನುತ್ತವೆ. ಗಿಳಿ ಓಡಿಸಲು ಮಾಡಿದ ಉಪಾಯ ಅದು. ಮೊದಲ ವಾರ ಗಿಳಿ ಕಚ್ಚಿದ ಹಣ್ಣು ಎರಡು. ಎರಡನೇ ವಾರ ಒಂಬತ್ತು. ಮೂರನೇ ವಾರ ಒಂದು ಗಿಳಿ ಮೀನಿನ ಪಕ್ಕದಲ್ಲೇ ಕುಳಿತು, ಅದರ ಮೂತಿಗೆ ಒರಗಿಕೊಂಡು ಹಣ್ಣು ತಿನ್ನುವುದನ್ನು ಕಂಡ ಮೇಲೆ ಎಣಿಸುವುದನ್ನು ಬಿಟ್ಟೆ.

“ಗಿಳೀಗೇ ಗೊತ್ತಾಗೋಯ್ತು ಕಣೋ, ಇದು ಬೊಂಬೆ ಅಂತ. ಸಮುದ್ರದಾಗಿರೋ ಮೀನಿಗೆ ಗೊತ್ತಾಗಲ್ವಾ?” ಅಂದಳು ಅಮ್ಮ.

ಗೊತ್ತಾಗುತ್ತದೆ. ಅದನ್ನು ತಿಳಿಯಲು ನನಗೆ ನಾಲ್ಕು ಪ್ರಯಾಣ, ಒಂಬೈನೂರ ಎಂಟು ಎಸೆತ ಬೇಕಾದವು. ಇದು ನನ್ನ ಡೈರಿಯಲ್ಲಿರುವ ಲೆಕ್ಕ. ಬೇರೆಯವರು ಡೈರಿಯಲ್ಲಿ ಮನಸ್ಸನ್ನು ಬರೆಯುತ್ತಾರಂತೆ. ನಾನು ಚಿಂತಾಮಣಿಯ ಒಂದು ಕಾಲೇಜಿನ ಆಫೀಸಿನಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವವನು; ನನ್ನ ಡೈರಿಯಲ್ಲಿ ಇರುವುದು ವಾರ, ಹೊತ್ತು, ಎಷ್ಟು ಸಲ, ಎಷ್ಟು ಸಿಕ್ಕಿತು ಇಷ್ಟೇ. ಎಷ್ಟು ಸಿಕ್ಕಿತು ಎಂಬಲ್ಲಿ ಬಹುಪಾಲು ಸೊನ್ನೆ.

ಶಿಡ್ಲಘಟ್ಟದ ಪಕ್ಕದ ಹಳ್ಳಿಯವನಿಗೆ ಸಮುದ್ರದ ಗೀಳು ಎಲ್ಲಿಂದ ಅಂಟಿತು ಎಂದು ನೀವು ಕೇಳುವುದು ನ್ಯಾಯ. ನಮ್ಮ ಕಡೆ ಒಂದು ಹೊಳೆಯೂ ವರ್ಷವಿಡೀ ಹರಿಯುವುದಿಲ್ಲ. ನಮಗೆ ಮೀನೆಂದರೆ ಕೆರೆಯ ಮೀನು: ಕಾಟ್ಲಾ, ರೋಹು, ಜಿಲೇಬಿ. ಚಿಕ್ಕಂದಿನಲ್ಲಿ ಕೆರೆ ತುಂಬಿದ ವರ್ಷ ನಾನೂ ಗಾಳ ಹಾಕಿದ್ದುಂಟು. ಕೊಕ್ಕೆಗೆ ರಾತ್ರಿ ಉಳಿದ ರಾಗಿ ಮುದ್ದೆಯನ್ನು ಗೋಲಿಯಷ್ಟು ಮಾಡಿ ಸಿಕ್ಕಿಸುತ್ತಿದ್ದೆವು. ಮೀನು ಮುದ್ದೆಯನ್ನು ಮಾತ್ರ ನೀಟಾಗಿ ತಿಂದು ಕೊಕ್ಕೆಯನ್ನು ತೊಳೆದು ವಾಪಸು ಕಳಿಸುತ್ತಿತ್ತು. ನಮ್ಮ ಅಜ್ಜಿ ಅದನ್ನು ನೋಡಿ, ನಮ್ಮ ಕಡೆಯ ತೆಲುಗು ಬೆರೆಸಿ, “ಏಮಿರಾ ನಾಯನಾ, ಮೀನಿಗೆ ಸಾರಿಲ್ದೆ ಬರೀ ಮುದ್ದೆ ಇಕ್ತಿದೀಯಾ?” ಎಂದು ಕೇಳಿದ್ದು ಊರಲ್ಲೆಲ್ಲ ಹರಡಿ, ನಾನು ಏಳನೇ ತರಗತಿ ಮುಗಿಸುವವರೆಗೂ ಜನ ನನ್ನನ್ನು ಸಾರಿನ ವಿಷಯವಾಗಿ ವಿಚಾರಿಸುತ್ತಿದ್ದರು.

ಸಮುದ್ರ ಅಂಟಿದ್ದು ನಮ್ಮ ಭಾವನಿಂದ. ಭಾವ ಎಂದರೆ ಅಕ್ಕನ ಗಂಡ, ಮುರುಗಮಲ್ಲದ ಕಡೆಯವರು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಕೆಲಸ ಸಿಕ್ಕಿ ಹೊನ್ನಾವರದ ಕಡೆ ಹಾಕಿದರು. ಹದಿನಾಲ್ಕು ವರ್ಷ ಅಲ್ಲೇ ಇದ್ದರು. ಹೋದ ಹೊಸದರಲ್ಲಿ ಅಕ್ಕ ಫೋನಿನಲ್ಲಿ ಅಳುತ್ತಿದ್ದಳು, ಗಾಳಿಯೆಲ್ಲ ಮೀನು ವಾಸನೆ ಎಂದು. ಭಾವ ಮಾತ್ರ ಅಲ್ಲಿನ ಜನರೊಂದಿಗೆ ಬೆಳಗ್ಗೆ ಬಂಡೆಯ ಮೇಲೆ ನಿಂತು, ಉದ್ದ ಕೋಲಿನಿಂದ ಸಮುದ್ರಕ್ಕೆ ಬೊಂಬೆ ಮೀನು ಎಸೆದು ಎಳೆಯುವುದನ್ನು ಕಲಿತರು. ಅದಕ್ಕೆ ಲೂರ್ ಎನ್ನುತ್ತಾರೆ. ಹುಳ ಸಿಕ್ಕಿಸುವ ಕೆಲಸವಿಲ್ಲ. ಮರದ್ದೋ ಪ್ಲಾಸ್ಟಿಕ್ಕಿನದೋ ತಗಡಿನದೋ ಒಂದು ಸುಳ್ಳು ಮೀನು, ಅದಕ್ಕೆ ಕೊಕ್ಕೆ. ದೊಡ್ಡ ಮೀನು ಅದನ್ನು ನಿಜವೆಂದು ನಂಬಿ ಹಿಂದೆ ಬರಬೇಕು. ರಜಕ್ಕೆ ಊರಿಗೆ ಬಂದಾಗ ಭಾವ ಒಂದು ಡಬ್ಬ ತೆರೆದು ಅವುಗಳನ್ನು ಚಾಪೆಯ ಮೇಲೆ ಹರಡುತ್ತಿದ್ದರು. ಅಕ್ಕ ಅವಕ್ಕೆ ಬೊಂಬೆ ಮೀನು ಎಂದು ಹೆಸರಿಟ್ಟಳು, ಅದೇ ನಿಂತಿತು.

ಹೋದ ಶ್ರಾವಣದಲ್ಲಿ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ನಿಂತಿದ್ದ ಭಾವನ ಕೈಯಿಂದ ಬ್ರಷ್ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಪಾರ್ಶ್ವವಾಯು. ನಲವತ್ತಮೂರು ವಯಸ್ಸು. ಮಾತು ಹದಿನೈದು ದಿನಗಳಲ್ಲಿ ಮರಳಿತು, ಒಂದು ತಿಂಗಳಲ್ಲಿ ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ಅಕ್ಕ ಅವರನ್ನು ಚಿಂತಾಮಣಿಗೆ ಕರೆತಂದು ಬಾಡಿಗೆ ಮನೆ ಮಾಡಿದಳು. ನಾನು ವಾರದ ದಿನಗಳಲ್ಲಿ ಅವರ ಮನೆಯಲ್ಲೇ ಇರತೊಡಗಿದೆ. ಡಾಕ್ಟರು ಹೇಳಿದ್ದನ್ನು ಅಂದೇ ಡೈರಿಯಲ್ಲಿ ಬರೆದುಕೊಂಡೆ: ಕೈ ಮೊದಲ ಆರು ತಿಂಗಳಲ್ಲಿ ಎಷ್ಟು ಬರುತ್ತದೋ ಹೆಚ್ಚೂಕಡಿಮೆ ಅಷ್ಟೇ, ವ್ಯಾಯಾಮ ತಪ್ಪಿಸಬಾರದು.

ಭಾವ ಮೊದಲ ದಿನದಿಂದಲೇ ತಪ್ಪಿಸಿದರು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಬಲಗೈಯಲ್ಲಿ ಒಂದು ಮೆತ್ತನೆಯ ಹಳದಿ ಚೆಂಡು ಇಟ್ಟು, “ಒತ್ತಿ ಅಂಕಲ್” ಎನ್ನುವಳು. ಚೆಂಡು ಉರುಳಿ ಮಂಚದ ಕೆಳಗೆ ಹೋಗುವುದು. ಭಾವ ಗೋಡೆ ಕಡೆ ತಿರುಗಿಕೊಳ್ಳುವರು.

“ಸ್ವಲ್ಪ ಪ್ರಯತ್ನ ಮಾಡ್ರೀ,” ಎಂದು ಅಕ್ಕ ಗೋಗರೆದ ಒಂದು ಸಂಜೆ ಭಾವ ನನ್ನ ಕಡೆ ನೋಡಿ ನಕ್ಕರು. ಕಾಯಿಲೆ ಬಂದ ಮೇಲೆ ಮೊದಲ ಸಲ.

“ಲೇ ಸೀನಾ, ನೀನು ಹೋಗಿ ಸಮುದ್ರದಾಗೆ ಒಂದೇ ಒಂದು ಮೀನು ಹಿಡ್ಕೊಂಡು ಬಾರೋ. ಬೊಂಬೆ ಮೀನು ನೀನೇ ಆರಿಸ್ಬೇಕು, ನನ್ನ ಕೇಳಂಗಿಲ್ಲ. ಅವತ್ತಿಂದ ಆ ಮೇಡಂ ಹೇಳಿದ್ದೆಲ್ಲ ಮಾಡ್ತೀನಿ.”

“ನಿಜವಾಗ್ಲೂ?” ಅಂದಳು ಅಕ್ಕ.

“ನಿನ್ನಾಣೆ ಕಣೇ.”

ಅವರಿಗೆ ಅದು ತಮಾಷೆ. ಸಾರಿಲ್ಲದೆ ಮುದ್ದೆ ಇಕ್ಕಿದವನು ಸಮುದ್ರದಲ್ಲಿ ಹಿಡಿಯುವುದುಂಟೆ ಎಂಬ ಧೈರ್ಯ. ಆದರೆ ಅಕ್ಕ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದುಕೊಂಡಳು. “ಒಂದು ಹಿಡಿಯಪ್ಪಾ. ಎಂಥದಾದ್ರೂ ಸರಿ, ಬೆರಳುದ್ದದ್ದಾದ್ರೂ ಸರಿ.” ಡಾಕ್ಟರು ಹೇಳಿದ ಆರು ತಿಂಗಳಲ್ಲಿ ಉಳಿದಿದ್ದುದು ನಾಲ್ಕೂವರೆ.

ಭಾವ ತಮ್ಮ ಬೊಂಬೆ ಮೀನುಗಳನ್ನೆಲ್ಲ ಅಲ್ಲಿಯವರಿಗೇ ಕೊಟ್ಟು ಬಂದಿದ್ದರು. ಕೋಲು ಮಾತ್ರ ಬಾಗಿಲ ಹಿಂದೆ ಇತ್ತು. ಅದನ್ನು ಊರಿಗೆ ಒಯ್ದು, ನಮ್ಮ ಮನೆ ಹಿಂದಿನ ಬೀಳು ಹೊಲದಲ್ಲಿ ದಾರದ ತುದಿಗೆ ಒಂದು ನಟ್ಟು ಕಟ್ಟಿ ಎಸೆಯುವುದನ್ನು ಅಭ್ಯಾಸ ಮಾಡಿದೆ. ಐದು ದಿನ, ನೂರೈವತ್ತು ಎಸೆತ. ಸಿಕ್ಕಿದ್ದು: ಹುಲ್ಲಿನ ಬಣವೆ ಮೂರು ಸಲ, ಒಣಹಾಕಿದ ಲಂಗ ಒಂದು ಸಲ, ನನ್ನದೇ ಕಾಲರ್ ಎರಡು ಸಲ. ಎಮ್ಮೆ ಹಿಡಿದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ನಂಜಮ್ಮ ನಿಂತು ನೋಡಿ, “ಏನಪ್ಪಾ, ಹೊಲದಾಗೆ ಮೀನು ಬಿದ್ದವಾ?” ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ದಸರಾ ರಜದಲ್ಲಿ ಮೊದಲ ಪ್ರಯಾಣ. ಬೆಂಗಳೂರಿಗೆ ಒಂದು ಬಸ್ಸು, ಅಲ್ಲಿಂದ ಕರಾವಳಿಗೆ ಇನ್ನೊಂದು. ಬೆಳಗ್ಗೆ ಇಳಿದು ಬಂದರಿನ ಹತ್ತಿರ ಒಂದು ಅಂಗಡಿಗೆ ಹೋದೆ. ಗೋಡೆ ತುಂಬ ಬೊಂಬೆ ಮೀನು. ಕೆಂಪು, ಹಸಿರು, ಕನ್ನಡಿಯಂಥವು, ತಗಡಿನ ಚಮಚದಂಥವು, ರಬ್ಬರಿನವು, ತೆಳ್ಳನೆಯವು, ಗುಂಡನೆಯವು. ಆಯ್ಕೆಯ ಮುಂದೆ ನಿಂತು ತಲೆ ತಿರುಗಿದವನು ಏನು ಮಾಡುತ್ತಾನೆ? ತನಗೆ ಗೊತ್ತಿರುವ ಆಯ್ಕೆಗೆ ಮರಳುತ್ತಾನೆ. ನನಗೆ ಗೊತ್ತಿರುವುದು ಒಂದೇ: ರೇಷ್ಮೆ ಗೂಡು ಆರಿಸುವುದು.

ನಾವು ರೇಷ್ಮೆ ಹುಳು ಸಾಕುವವರು. ನಾನು ಹುಟ್ಟಿದ್ದೇ ಹುಳುವಿನ ಮನೆಯ ಪಕ್ಕದ ಕೋಣೆಯಲ್ಲಿ. ನಮ್ಮ ಮನೆಯಲ್ಲಿ ಹುಳುವಿಗಿದ್ದ ಗೌರವ ಮಕ್ಕಳಿಗೆ ಇರಲಿಲ್ಲ. ಊದಿನಕಡ್ಡಿ ಹಚ್ಚುವಂತಿಲ್ಲ, ಪೌಡರು ಹಾಕುವಂತಿಲ್ಲ, ಸುಣ್ಣದ ಪುಡಿ ತುಳಿಯದೆ ಒಳಗೆ ಕಾಲಿಡುವಂತಿಲ್ಲ. ನನಗೆ ಜ್ವರ ಬಂದಾಗ ಅಪ್ಪ ಹಣೆ ಮುಟ್ಟಿ ನೋಡುತ್ತಿದ್ದರು. ಹುಳುವಿಗೆ ಸೊಪ್ಪು ಹಿಡಿಸದಿದ್ದರೆ ಎರಡು ದಿನ ಊಟ ಬಿಡುತ್ತಿದ್ದರು. ಗೂಡು ಬಿಡಿಸುವ ದಿನ ಮನೆಮಂದಿಯೆಲ್ಲ ರಾಶಿಯ ಸುತ್ತ ಕುಳಿತು ಆರಿಸಬೇಕು. ಕಲೆಯಾದದ್ದು ಆಚೆಗೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಆಚೆಗೆ. ಒತ್ತಿದರೆ ತಗ್ಗುವ ಜಳ್ಳು ಆಚೆಗೆ. ಅನುಮಾನ ಬಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಹುಳು ಟಕಟಕ ಎಂದರೆ ಒಳ್ಳೆಯದು, ಸದ್ದಿಲ್ಲದಿದ್ದರೆ ಒಳಗೆ ಸತ್ತು ಅಂಟಿಕೊಂಡಿದೆ ಎಂದು ಅರ್ಥ. “ರಾಶಿ ಒಂದೇ ತಾಯಿ ಮಕ್ಳಂಗೆ ಕಾಣ್ಬೇಕು,” ಎನ್ನುತ್ತಿದ್ದರು ಅಪ್ಪ.

ನಾನು ಆ ಅಂಗಡಿಯಲ್ಲಿ ಒಂದೊಂದೇ ಬೊಂಬೆ ಮೀನನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದು ಮಾಡದ್ದನ್ನು ವಾಪಸು ಇಟ್ಟೆ. ಬಣ್ಣ ಬಣ್ಣದವು ಕಲೆಯಾದ ಗೂಡಿನಂತೆ ಕಂಡವು. ತೆಳ್ಳಗೆ ಚಪ್ಪಟೆಯಾಗಿದ್ದ ತಗಡಿನವು ಜಳ್ಳು. ಎರಡು ತುಂಡು ಸೇರಿಸಿದ ಮೀನು ಜೋಡಿ ಗೂಡು. ಕೊನೆಗೆ ಉಳಿದವು ಹನ್ನೆರಡು: ಬೆಳ್ಳಗೆ, ಗುಂಡಗೆ, ಹಗುರವಾಗಿ, ಅಲ್ಲಾಡಿಸಿದರೆ ಟಕಟಕ ಎನ್ನುವಂಥವು. ಒಂದೇ ತಾಯಿ ಮಕ್ಕಳು. ಅಂಗಡಿಯ ಮುದುಕರು ಕನ್ನಡಕ ಏರಿಸಿ ನೋಡಿದರು.

“ಹನ್ನೆರಡೂ ಒಂದೇ ನಮೂನೆ ತಗೊಂಡ್ರಿ?”

“ಹೌದು. ಬಹಳ ನೋಡಿ ಆರಿಸಿದ್ದು.”

“ಯಾವೂರು ನಿಮ್ದು?”

“ಶಿಡ್ಲಘಟ್ಟ.”

ಅವರು ತಲೆಯಾಡಿಸಿ ಕಾಗದದಲ್ಲಿ ಸುತ್ತಿ ಕೊಟ್ಟರು. ಅಂಥ ಒಂದು ಊರು ಇರಲಿ ಬಿಡಿ ಎಂಬಂತೆ.

ಸಮುದ್ರದ ಗಾಳಿ ಎದುರಿನಿಂದ ಬೀಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬಂಡೆಯ ಮೇಲೆ ನಿಂತು ಬಲವಾಗಿ ಎಸೆದರೆ ಆ ಹಗುರ, ಗುಂಡು ಮೀನು ಮೇಲಕ್ಕೆ ಹೋಗಿ, ಗಾಳಿಯಲ್ಲಿ ಒಂದು ಕ್ಷಣ ಯೋಚಿಸಿ, ನನ್ನ ಕಾಲ ಬಳಿಗೇ ಬಂದು ಬೀಳುತ್ತಿತ್ತು. ನೀರಿಗೆ ಬಿದ್ದವೂ ಮುಳುಗುತ್ತಿರಲಿಲ್ಲ. ಅಲೆ ಅವನ್ನು ಮರಳಿಗೆ ತಂದು ಹಾಕುತ್ತಿತ್ತು. ಎರಡು ದಿನ, ಇನ್ನೂರ ಹನ್ನೆರಡು ಎಸೆತ. ಮೀನು ಸೊನ್ನೆ. ಕಳೆದುಹೋದ ಬೊಂಬೆಯೂ ಸೊನ್ನೆ. ಇದನ್ನು ಸಾಧನೆಯೆಂದು ಹೋಗುವಾಗ ಅಂಗಡಿಯಲ್ಲಿ ಹೇಳಿದೆ. ಮುದುಕರು, “ಕಳಕೊಳ್ಳದೇ ಇದ್ರೆ ಮೀನಿರೋ ಜಾಗಕ್ಕೆ ಅದು ಹೋಗಲೇ ಇಲ್ಲ ಅಂತ ಆಯ್ತಲ್ಲ,” ಅಂದರು.

ಎರಡನೆಯ ಸಲ ವಿಜ್ಞಾನದ ದಾರಿ ಹಿಡಿದೆ. ಮುಳುಗುವ ಬೊಂಬೆ ಬೇಕು, ಆದರೆ ತಳಕ್ಕೆ ಹೋಗಿ ಕಲ್ಲಿಗೆ ಸಿಕ್ಕಿಕೊಳ್ಳಬಾರದು, ನಡುನೀರಿನಲ್ಲಿ ನಿಲ್ಲಬೇಕು. ಆರು ತರಿಸಿಕೊಂಡೆ. ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿ ನಮ್ಮ ಚಿಕ್ಕಪ್ಪನ ಹೊಲವಿದೆ. ಅಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಿದೆ. ಟೊಮೆಟೊ ಗಿಡಕ್ಕೆ ನೀರು ಬಿಡುವ ಹೊಂಡದ ಅಂಚಿನಲ್ಲಿ ಎರಡು ಭಾನುವಾರ ಕುಳಿತು, ಒಂದೊಂದನ್ನೂ ಇಳಿಬಿಟ್ಟು, ಎಷ್ಟು ಎಣಿಕೆಗೆ ಎಷ್ಟು ಮೊಳ ಇಳಿಯುತ್ತದೆ ಎಂದು ಬರೆದುಕೊಂಡೆ. ನಿಂತ ನೀರು, ಗಾಳಿಯಿಲ್ಲ. ನಾಲ್ಕು ಬಹಳ ಚೆನ್ನಾಗಿ ಪಾಸಾದವು. ಚಿಕ್ಕಪ್ಪ ಬೀಡಿ ಸೇದುತ್ತಾ ನೋಡಿ, “ಅಲ್ಲಯ್ಯಾ, ಇದ್ರಾಗೆ ಮೀನೇ ಬಿಟ್ಟಿಲ್ಲ ನಾನು. ಪೋನೀ, ಇರ್ಲಿ ಬಿಡು, ನಿನ್ನ ಖುಷಿ,” ಅಂದರು.

ದೀಪಾವಳಿ ಕಳೆದ ಮೇಲೆ ಹೋಗಿ ಎಸೆದರೆ, ಹೊಂಡದಲ್ಲಿ ಮೊಳಗಟ್ಟಲೆ ಇಳಿದಿದ್ದ ನಾಲ್ಕೂ ಸಮುದ್ರದಲ್ಲಿ ಬೆನ್ನು ತೋರಿಸಿ ತೇಲಿದವು. ಉಪ್ಪುನೀರು ಎಲ್ಲವನ್ನೂ ಸ್ವಲ್ಪ ಮೇಲೆತ್ತುತ್ತದೆ. ಇದು ಆರನೇ ತರಗತಿಯ ಪಾಠ. ಮೊಟ್ಟೆ ಮತ್ತು ಉಪ್ಪಿನ ಲೋಟದ ಚಿತ್ರ ಕೂಡ ನೆನಪಿದೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಮುನ್ನೂರ ನಲವತ್ತೇಳು ಎಸೆತ, ಸೊನ್ನೆ.

ಈ ಎರಡೂ ಸಲ ಮರಳಿದಾಗ ಭಾವ ಎಲ್ಲವನ್ನೂ ಕೇಳಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಿವಿಗೆ ಹಿಡಿದು ಅಲ್ಲಾಡಿಸಿದ ಕಥೆಯನ್ನು ಬಂದವರಿಗೆಲ್ಲ ನನ್ನಿಂದ ಹೇಳಿಸಿದರು. ನಕ್ಕ ಮೇಲೆ ಗೋಡೆ ಕಡೆ ತಿರುಗುವರು. ಚೆಂಡು ಮಂಚದ ಕೆಳಗೆ ಇರುತ್ತಿತ್ತು. ಮೇಡಂ ಒಂದು ದಿನ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, “ಟೈಮ್ ಹೋಗ್ತಿದೆ ಅಕ್ಕಾ,” ಅಂದಳು. ಅಕ್ಕ ಆ ದಿನ ಅನ್ನ ಬಡಿಸುವಾಗ ನನ್ನ ತಟ್ಟೆಗೆ ಸಾರು ಹಾಕುವುದನ್ನು ಮರೆತಳು. ನಾನು ಕೇಳಲಿಲ್ಲ.

ಮೂರನೆಯ ಪ್ರಯಾಣ ಡಿಸೆಂಬರ್ ಕೊನೆಯ ರಜದಲ್ಲಿ. ಈ ಸಲ ಒಂದೇ ತರದ್ದು ಬೇಡವೆಂದು ಒಂಬತ್ತು ತರದ್ದು ಕೊಂಡೆ. ಯಾವುದಕ್ಕೂ ಅನ್ಯಾಯವಾಗಬಾರದೆಂದು ಪಟ್ಟಿ ಹಾಕಿದೆ: ಹತ್ತು ಎಸೆತಕ್ಕೆ ಒಂದು ಬದಲು. ಬದಲಿಸಲು ಗಂಟು ಬಿಚ್ಚಬೇಕು, ಹೊಸ ಗಂಟು ಹಾಕಬೇಕು, ಒದ್ದೆ ಬೆರಳು ಜಾರುತ್ತದೆ. ಸಮುದ್ರ ನೋಡಿದ್ದಕ್ಕಿಂತ ಗಂಟು ನೋಡಿದ್ದೇ ಹೆಚ್ಚು. ಪಕ್ಕದ ಬಂಡೆಯಲ್ಲಿ ಒಬ್ಬ ಬೆಳಗಿನಿಂದ ಒಂದೇ ಬೊಂಬೆ ಕಟ್ಟಿ ಎಸೆಯುತ್ತಿದ್ದ. ಅವನಿಗೆ ಮೂರು ಸಿಕ್ಕವು. ನನಗೆ ಇನ್ನೂರ ಎಂಬತ್ತೆಂಟು ಎಸೆತ, ಕಳೆದುಹೋದ ಬೊಂಬೆ ಐದು, ಮೀನು ಸೊನ್ನೆ.

ಕೊನೆಯ ದಿನ ಬೆಳಗ್ಗೆ ಮೀನಿನ ಮಾರುಕಟ್ಟೆಯ ಮುಂದೆ ಹಾದು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ಒಬ್ಬ ಹೆಂಗಸಿನ ಬುಟ್ಟಿಯಲ್ಲಿ ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಬೆಳ್ಳಿ ಮೀನು, ಆಗತಾನೇ ಬಂದದ್ದು. ನಿಂತೆ. ಮುಂದಿನದನ್ನು ವಿವರಿಸುವುದು ಬೇಡ. ಸಮುದ್ರ ದಂಡೆಗೆ ಮರಳಿ ಹೋಗಿ, ಅದರ ಬಾಯಿಗೆ ಒಂದು ಹಸಿರು ಬೊಂಬೆಯ ಕೊಕ್ಕೆ ಸಿಕ್ಕಿಸಿ, ದಾರ ಹಿಡಿದು, ಹಿಂದೆ ಅಲೆ ಕಾಣುವಂತೆ ಫೋಟೋ ತೆಗೆದೆ. ಆಮೇಲೆ ಅದನ್ನು ಆ ಹೆಂಗಸಿಗೇ ವಾಪಸು ಕೊಟ್ಟೆ. ಅವಳು ಬಹಳ ಹೊತ್ತು ನನ್ನನ್ನು ನೋಡಿದಳು.

ಭಾವ ಎಡಗೈಯಲ್ಲಿ ಫೋನು ಹಿಡಿದು ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದರು.

“ಎಳಿಯುವಾಗ ಹೆಂಗಿತ್ತೋ?”

“ಜಗ್ತು ಭಾವ. ಒಂದ್ಸಲ ಬಲಕ್ಕೆ ಓಡ್ತು, ಆಮೇಲೆ ಎಡಕ್ಕೆ. ಕೋಲು ಬಿಲ್ಲಿನಂಗೆ ಬಗ್ಗೋಯ್ತು.”

“ಅಬ್ಬ,” ಅಂದರು ಭಾವ. ಆ ಒಂದು ಮಾತು ಸಣ್ಣ ಹುಡುಗನ ಮಾತಿನಂತಿತ್ತು. ಫೋನು ಕೆಳಗಿಟ್ಟು ಅಕ್ಕನನ್ನು ಕರೆದರು. “ಆ ಚೆಂಡೆಲ್ಲಿ ಮಡಗಿದೀಯೇ? ತಗೊಂಬಾ. ಆಣೆ ಇಟ್ಟಿದೀನಲ್ಲ.”

ಒಂಬತ್ತು ದಿನ. ಬೆಳಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಅವರ ಬಲಗೈಗೆ ಸ್ಪರ್ಶ ಸರಿಯಾಗಿ ತಿಳಿಯುತ್ತಿರಲಿಲ್ಲ. ಚೆಂಡು ಒತ್ತಿತೋ ಇಲ್ಲವೋ ಅವರಿಗೇ ಗೊತ್ತಾಗದು. ಆದ್ದರಿಂದ ನಾನು ಪಕ್ಕದಲ್ಲಿ ಕುಳಿತು ನೋಡಿ ಎಣಿಸಬೇಕು. ಮೊದಲ ಮೂರು ದಿನ ಸೊನ್ನೆ. ನಾಲ್ಕನೆಯ ದಿನ ನಡುಬೆರಳು ಚೆಂಡಿನ ಮೇಲೆ ಒಂದು ಸಣ್ಣ ತಗ್ಗು ಮಾಡಿತು. ಒಂದು. ಆರನೆಯ ದಿನ ನಾಲ್ಕು. ಒಂಬತ್ತನೆಯ ದಿನ ಹೆಬ್ಬೆರಳೂ ಸೇರಿ ಏಳು. ಮೇಡಂ ಕೈ ಹಿಡಿದು ನೋಡಿ, “ಸಿಗ್ನಲ್ ಬರ್ತಿದೆ ಅಂಕಲ್! ಈಗ ಮಾತ್ರ ಬಿಡ್ಬೇಡಿ,” ಎಂದು ಕುಣಿದಷ್ಟು ಮಾಡಿದಳು. ಅಕ್ಕ ಆ ಸಂಜೆ ಒಬ್ಬಟ್ಟು ಮಾಡಿದಳು, ಯಾವ ಹಬ್ಬವೂ ಇಲ್ಲದೆ. ನನ್ನ ತಟ್ಟೆಗೆ ನಾಲ್ಕು ಬಿದ್ದವು. ತಿಂದೆ. ನನ್ನ ಜೀವನದಲ್ಲಿ ನಾನು ಹೇಳಿದ ಯಾವ ಸತ್ಯವೂ ಇಷ್ಟು ಕೆಲಸ ಮಾಡಿರಲಿಲ್ಲ.

ಹತ್ತನೆಯ ದಿನ ಕಾಲೇಜಿನಿಂದ ಬಂದಾಗ ಭಾವ ಕಿಟಕಿಯ ಬಳಿ ಕುಳಿತಿದ್ದರು. ತೊಡೆಯ ಮೇಲೆ ನನ್ನ ಡೈರಿ. ದಿನದ ಎಣಿಕೆ ಅದರಲ್ಲೇ ಬರೆಯುತ್ತಿದ್ದುದರಿಂದ, ತಮ್ಮ ಬೆರಳಿನ ಲೆಕ್ಕ ನೋಡುವ ಆಸೆಯಿಂದ ತೆರೆದಿದ್ದರು. ಮೊದಲ ದಿನದಿಂದ ನೋಡೋಣವೆಂದು ಹಾಳೆಗಳನ್ನು ಹಿಂದಕ್ಕೆ ತಿರುವಿದ್ದರು. ಅಲ್ಲಿ ಡಿಸೆಂಬರಿನ ಆ ಶನಿವಾರದ ಕೆಳಗೆ, ನನ್ನ ದುಂಡನೆಯ ಅಕ್ಷರದಲ್ಲಿ, ಸ್ಪಷ್ಟವಾಗಿ: ಎಸೆತ ಇನ್ನೂರ ಎಂಬತ್ತೆಂಟು. ಮೀನು ಸೊನ್ನೆ. ಮಾರುಕಟ್ಟೆಯಲ್ಲಿ ಕೊಂಡದ್ದು ಒಂದು. ಫೋಟೋ ತೆಗೆದು ವಾಪಸು ಕೊಟ್ಟೆ.

ಭಾವನಿಗೆ ಸುಳ್ಳು ಹೇಳಲು ನನಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಡೈರಿಗೆ ಹೇಳಲು ಮಾತ್ರ ಹೊಳೆದೇ ಇರಲಿಲ್ಲ.

“ಅಕ್ಷರ ಮುದ್ದಾಗಿದೆ ಕಣಪ್ಪ,” ಅಂದರು ಭಾವ. ಡೈರಿಯನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಕಿವಿಗೆ ಹಿಡಿದು ಅಲ್ಲಾಡಿಸಿದ ಕಥೆಗೆ ನಕ್ಕಂತೆ ನಕ್ಕಿದ್ದರೂ ಚೆನ್ನಾಗಿತ್ತು. ಮಂಚಕ್ಕೆ ಹೋಗಿ ಮಲಗಿದರು. ಅಂದು ಸಂಜೆ ಚೆಂಡನ್ನು ಕೈಯಲ್ಲಿಟ್ಟರೆ ಎಡಗೈಯಿಂದ ಎತ್ತಿ ಪಕ್ಕಕ್ಕಿಟ್ಟರು. ಮರುದಿನವೂ ಹಾಗೆಯೇ.

ಬೈದದ್ದು ಅಕ್ಕ. ಬಟ್ಟೆ ಒಗೆಯುವ ಕಲ್ಲಿನ ಬಳಿ, ದನಿ ಎತ್ತದೆ.

“ಸುಳ್ಳು ಹೇಳಿದ್ದಕ್ಕೆ ಬೈತಿಲ್ಲ ಕಣೋ ನಾನು. ನಾನಾಗಿದ್ರೂ ಹೇಳ್ತಿದ್ದೆ. ಬರೆದಿಟ್ಯಲ್ಲ, ಅದಕ್ಕೆ. ಯಾಕೆ ಬರ್ದೆ? ಯಾರು ಕೇಳಿದ್ರು ನಿನ್ನ? ಯಾವ ಸಾಹೇಬ್ರು ಬಂದು ನೋಡ್ತಾರೆ ನಿನ್ನ ಪುಸ್ತಕಾನ?”

ಹಾಜರಿ ಪುಸ್ತಕದಲ್ಲಿ ಬಾರದ ಹುಡುಗನಿಗೆ ಬಂದನೆಂದು ಬರೆಯಲು ಕೈ ಬರುವುದಿಲ್ಲವಲ್ಲ, ಅಷ್ಟೇ. ಅಭ್ಯಾಸ. ಗುಣವೆಂದು ಹೊಗಳಿಕೊಳ್ಳುವಂಥದ್ದೇನೂ ಅದರಲ್ಲಿ ಇಲ್ಲ.

ಮೂವತ್ತು ದಿನ ಚೆಂಡು ಗೋಡೆಯ ಗೂಡಿನಲ್ಲಿ ಧೂಳು ಹಿಡಿಯಿತು. ಮೇಡಂ ಬಂದು ಕೈಯನ್ನು ತಾನೇ ಮಡಚಿ ಬಿಡಿಸಿ ಹೋಗುತ್ತಿದ್ದಳು. ಆರು ತಿಂಗಳು ತುಂಬಲು ಒಂದು ವಾರ ಉಳಿದಿತ್ತು. ಕಾಲೇಜಿಗೆ ಎರಡು ದಿನ ರಜ ಬರೆದು ನಾಲ್ಕನೆಯ ಸಲ ಹೊರಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಂಬುವವರು ಯಾರು?

ಅಂಗಡಿಯಲ್ಲಿ ಈ ಸಲ ಆರಿಸುವ ಉತ್ಸಾಹವೇ ಇರಲಿಲ್ಲ. ಕಿವಿಗೆ ಹಿಡಿಯಲಿಲ್ಲ, ಪಟ್ಟಿ ಹಾಕಲಿಲ್ಲ. ಮೂಲೆಯ ಡಬ್ಬದಲ್ಲಿ ಒಂದು ತಗಡಿನ ತುಂಡು ಬಿದ್ದಿತ್ತು. ಚಮಚದ ಬಾಯಿಯಂತೆ ಸ್ವಲ್ಪ ಬಾಗಿದ್ದು, ಕಿರಿದು, ಚಪ್ಪಟೆ, ಗಾತ್ರಕ್ಕೆ ಮೀರಿದ ಭಾರ. ಸದ್ದಿಲ್ಲ. ಬಣ್ಣವೂ ಮಂಕು. ನಮ್ಮ ಮನೆಯ ರಾಶಿಯಲ್ಲಿ ಇದ್ದಿದ್ದರೆ ಮೊದಲು ಆಚೆಗೆ ಹೋಗುವಂಥದ್ದು. ಅದನ್ನೇ ಎತ್ತಿಕೊಂಡೆ. ಅದರಲ್ಲಿ ಬುದ್ಧಿವಂತಿಕೆಯೇನೂ ಇರಲಿಲ್ಲ. ನನ್ನ ಕಣ್ಣು ಬೇಡವೆಂದದ್ದನ್ನು ತೆಗೆದುಕೊಂಡೆ, ಅಷ್ಟೇ. ಮುದುಕರು, “ಹಾಂ,” ಎಂದು ಮಾತ್ರ ಅಂದರು.

ಅದು ಗಾಳಿಯನ್ನು ಸೀಳಿಕೊಂಡು ಹೋಯಿತು. ನನ್ನ ಯಾವ ಬೊಂಬೆಯೂ ಮುಟ್ಟದ ದೂರದಲ್ಲಿ, ಅಲೆ ಒಡೆಯುವ ಗೆರೆಯ ಆಚೆ ಬಿತ್ತು. ಬಿಸಿಲೇರುವ ಮೊದಲೇ, ಅರವತ್ತೊಂದನೆಯ ಎಸೆತದಲ್ಲಿ ದಾರ ನಿಂತಿತು. ಕಲ್ಲಿಗೆ ಸಿಕ್ಕಿತೆಂದುಕೊಂಡೆ. ಕಲ್ಲು ಅಲ್ಲಾಡಿತು. ಆಮೇಲೆ ನಡೆದದ್ದು ನನಗೆ ಸರಿಯಾಗಿ ಗೊತ್ತಿಲ್ಲ. ಮರಳಿನ ಮೇಲೆ ಗೇಣುದ್ದದ ಮೀನೊಂದು ಬಾಲ ಬಡಿಯುತ್ತಿದ್ದಾಗ ನಾನು ಮಂಡಿಯೂರಿ ಕುಳಿತಿದ್ದೆ. ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ.

“ಭಾವಂಗೆ ತೋರ್ಸು! ಬೇಗ ತೋರ್ಸೇ ಅಕ್ಕಾ!”

ಪರದೆಯಲ್ಲಿ ಭಾವನ ಮುಖ ಬಂತು. ಮೀನು ಎಗರಿತು, ಮರಳು ಫೋನಿನ ಮೇಲೆ ಬಿತ್ತು. ಭಾವ ಪರದೆಗೆ ಮುಖ ಹತ್ತಿರ ತಂದರು. ಕೊನೆಗೆ ಕೇಳಿದರು, “ಎಳಿಯುವಾಗ ಹೆಂಗಿತ್ತೋ?”

“ಗೊತ್ತಾಗ್ಲಿಲ್ಲ ಭಾವ.”

ಅವರು ತಲೆಯಾಡಿಸಿದರು. “ಹ್ಞೂಂ. ಗೊತ್ತಾಗಲ್ಲ. ನಂಗೂ ಗೊತ್ತಾಗಿರ್ಲಿಲ್ಲ ಮೊದಲ್ನೇದು. ಬಿಡೋ ಅದನ್ನ ನೀರಿಗೆ, ಸಾಯ್ತದೆ.”

ಬಿಟ್ಟೆ. ಒಂದು ಕ್ಷಣ ಅಲ್ಲೇ ನಿಂತು, ಹೋಯಿತು. ಬಸ್ಸಿನಲ್ಲಿ ಕಿಟಕಿಗೆ ಮುಖವಿಟ್ಟು ನಾನು ಊರು ಮುಟ್ಟುವವರೆಗೆ ನಗುತ್ತಿದ್ದೆ ಎಂದು ಕಾಣುತ್ತದೆ.

ಭಾವ ಆಣೆ ಉಳಿಸಿಕೊಂಡರು. ನಾನು ಮನೆಗೆ ಬರುವಷ್ಟರಲ್ಲಿ ಚೆಂಡು ಅವರ ಕೈಯಲ್ಲಿತ್ತು. ಬೆಳಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಹಲ್ಲು ಕಚ್ಚಿ, ಹಣೆಯ ಮೇಲೆ ಬೆವರು ಬರುವವರೆಗೆ. ಮೊದಲ ದಿನ ಸೊನ್ನೆ. ಎರಡನೆಯ ದಿನ ಸೊನ್ನೆ. ಹಿಂದಿನ ಸಲ ನಾಲ್ಕನೆಯ ದಿನವೇ ಬೆರಳು ಬಂದಿತ್ತಲ್ಲ ಎಂದು ಕಾದೆವು. ನಾಲ್ಕು ಕಳೆಯಿತು, ಒಂಬತ್ತು ಕಳೆಯಿತು, ಆರು ತಿಂಗಳೂ ಕಳೆಯಿತು. ಆಗ ತಗ್ಗು ಮಾಡಿದ್ದ ನಡುಬೆರಳು ಈಗ ಚೆಂಡಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಮೇಡಂ ಈಗ ಸಿಗ್ನಲ್ಲಿನ ಮಾತು ಆಡುವುದಿಲ್ಲ. ಆ ಮೂವತ್ತು ದಿನ ಬಿಡದಿದ್ದರೆ ಬರುತ್ತಿತ್ತೇ ಎಂದು ಬಾಗಿಲಲ್ಲಿ ಕೇಳಿದೆ. “ಹಂಗೆಲ್ಲ ಹೇಳಕ್ಕಾಗಲ್ಲ ಸರ್,” ಎಂದು ನನ್ನ ಮುಖ ನೋಡದೆ ಹೋದಳು.

ನಾನು ಸಂಜೆ ಬಂದು ಮಂಚದ ಪಕ್ಕ ಕುಳಿತುಕೊಳ್ಳುತ್ತೇನೆ. ಭಾವ ಸೂರು ನೋಡುತ್ತಾ ಬಲವೆಲ್ಲ ಹಾಕುತ್ತಾರೆ. ಬಲ ಭುಜದವರೆಗೆ ಬಂದು ಅಲ್ಲೇ ನಿಂತುಬಿಡುವುದು ನನಗೆ ಕಾಣುತ್ತದೆ. ಅಕ್ಕ ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟು ಹಿಡಿದು ಸದ್ದು ಮಾಡದೆ ನಿಂತಿರುತ್ತಾಳೆ.

ನಿನ್ನೆಯೂ ಇಪ್ಪತ್ತು ಮುಗಿಸಿ ಭಾವ ಉಸಿರು ಬಿಟ್ಟರು. ಚೆಂಡಿನ ಮೇಲೆ ಒಂದು ತಗ್ಗೂ ಬಿದ್ದಿರಲಿಲ್ಲ. “ಎಷ್ಟಾಯ್ತೋ?”

“ನಾಲ್ಕು, ಭಾವ.”

“ಸರಿಯಾಗಿ ನೋಡ್ದಾ?”

“ನೋಡ್ದೆ.”

“ಹಂಗಾದ್ರೆ ಬರ್ಕೋ.”

ಡೈರಿ ತೆರೆದು ನಾಲ್ಕು ಎಂದು ಬರೆದೆ. ಭಾವ ತಲೆ ಎತ್ತಿ, ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ನಿಧಾನವಾಗಿ ಓದಿದರು.

“ನಿನ್ನೆಗಿಂತ ಒಂದು ಜಾಸ್ತಿ,” ಅಂದರು.